ಬೆಳಕಿನ ಕಣಗಳನ್ನು ಎಣಿಸಿದ ಮಾಸ್ತರು: ಸತ್ಯೇಂದ್ರನಾಥ ಬೋಸ್

ಮಕ್ಕಳೇ, ಕ್ವಾಂಟಮ್ ಕಂಪ್ಯೂಟರ್ ಎಂಬ ಹೆಸರನ್ನು ಪತ್ರಿಕೆಯಲ್ಲಿ ನೋಡಿದ್ದೀರಾ? ಇದು ದೊಡ್ಡವರ ವಿಷಯ ಎಂದು ಪುಟ ತಿರುವಿಬಿಟ್ಟಿರಾ? ಅದರ ಹಿಂದಿರುವ ವಿಜ್ಞಾನದ ಒಂದು ಮುಖ್ಯ ಪಾಠಕ್ಕೆ ನಾಲ್ಕರವರೆಗೆ ಎಣಿಸಲು ಬಂದರೆ ಸಾಕು. ಆ ಎಣಿಕೆಯನ್ನು ಕಂಡುಹಿಡಿದವರು ನಮ್ಮ ದೇಶದವರೇ ಆದ ಒಬ್ಬ ಮಾಸ್ತರು, ಸತ್ಯೇಂದ್ರನಾಥ ಬೋಸ್.

ಬೋಸರು ಹುಟ್ಟಿದ್ದು 1894ರ ಜನವರಿ 1ರಂದು, ಕೊಲ್ಕತ್ತದಲ್ಲಿ. ತಂದೆ ರೈಲ್ವೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಬೋಸರು 1915ರಲ್ಲಿ ಎಂ.ಎಸ್ಸಿ.ಯಲ್ಲಿ ಮೊದಲಿಗರಾದರು. ಎರಡನೆಯವರು ಯಾರು ಗೊತ್ತೇ? ಮುಂದೆ ದೊಡ್ಡ ವಿಜ್ಞಾನಿಯಾದ ಮೇಘನಾದ ಸಹಾ! ಆಗ ಹೊಸ ಭೌತವಿಜ್ಞಾನದ ಬಹಳಷ್ಟು ಲೇಖನಗಳು ಜರ್ಮನ್ ಭಾಷೆಯಲ್ಲಿ ಬರುತ್ತಿದ್ದವು. ಗೆಳೆಯರಿಬ್ಬರೂ ಜರ್ಮನ್ ಕಲಿತು, ಐನ್‌ಸ್ಟೈನರ ಲೇಖನಗಳನ್ನು ಇಂಗ್ಲಿಷಿಗೆ ತಂದರು.

1921ರಲ್ಲಿ ಬೋಸರು ಢಾಕಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಪ್ಲಾಂಕ್ ಎಂಬ ವಿಜ್ಞಾನಿಯ ಸೂತ್ರವನ್ನು ಪಾಠ ಮಾಡಬೇಕಿತ್ತು. ಕಾದ ವಸ್ತುವಿನಿಂದ ಹೊಮ್ಮುವ ಬೆಳಕನ್ನು ಕುರಿತ ಸೂತ್ರ ಅದು. ಸೂತ್ರವೇನೋ ಸರಿ, ಆದರೆ ಅದನ್ನು ಸಾಧಿಸುವ ದಾರಿ ಬೋಸರಿಗೆ ಒಪ್ಪಿಗೆಯಾಗಲಿಲ್ಲ. ತನಗೇ ಒಪ್ಪಿಗೆಯಾಗದ್ದನ್ನು ಹುಡುಗರಿಗೆ ಹೇಗೆ ಹೇಳುವುದು? ಬೆಳಕು ಕಣಗಳಾಗಿ ಬರುತ್ತದೆ ಎಂದುಕೊಂಡು, ಆ ಕಣಗಳನ್ನು ಹೊಸ ರೀತಿಯಲ್ಲಿ ಎಣಿಸತೊಡಗಿದರು.

ನೀವೂ ಎಣಿಸಿ ನೋಡಿ. ನೂಲು ಸುತ್ತಿದ ಎರಡು ಕಂಡಿಕೆ, ಎರಡು ಬುಟ್ಟಿ ತನ್ನಿ. ರಬಕವಿ-ಬನಹಟ್ಟಿಯಲ್ಲಿ ಕಂಡಿಕೆಗೆ ಬರವೇ? ಜಮಖಂಡಿ, ಮುಧೋಳ, ಬೀಳಗಿಯ ಕಡೆ ಸಿಗದಿದ್ದರೆ ಗೋವಿನಜೋಳದ ಎರಡು ಕಾಳಾದರೂ ಆದೀತು, ಒಂದಕ್ಕೆ ಬಣ್ಣ ಹಚ್ಚಿ. ಒಂದು ಕೆಂಪು, ಒಂದು ಬಿಳಿ ಇರಲಿ. ಬುಟ್ಟಿಗಳಲ್ಲಿ ಇವನ್ನು ಎಷ್ಟು ರೀತಿ ಹಾಕಬಹುದು? ಎರಡೂ ಎಡಕ್ಕೆ, ಎರಡೂ ಬಲಕ್ಕೆ, ಕೆಂಪು ಎಡಕ್ಕೆ, ಬಿಳಿ ಬಲಕ್ಕೆ, ಬಿಳಿ ಎಡಕ್ಕೆ, ಕೆಂಪು ಬಲಕ್ಕೆ. ಒಟ್ಟು 4. ಇವುಗಳಲ್ಲಿ 2 ರೀತಿಗಳಲ್ಲಿ ಎರಡೂ ಒಂದೇ ಬುಟ್ಟಿಯಲ್ಲಿವೆ.

ಆದರೆ ಒಂದೇ ಬಗೆಯ ಎರಡು ಬೆಳಕಿನ ಕಣಗಳಿಗೆ ಇಂಥ ಗುರುತು ಹಚ್ಚಲು ಬರುವುದಿಲ್ಲ. ಅದಲು ಬದಲು ಮಾಡಿದರೂ ಏನೂ ಬದಲಾಗದು. ಹಾಗಾಗಿ ಕೊನೆಯ ಎರಡು ರೀತಿಗಳು ಒಂದೇ ಆಗುತ್ತವೆ. ಒಟ್ಟು 3! ಅವುಗಳಲ್ಲಿ 2 ರೀತಿಗಳಲ್ಲಿ ಕಣಗಳು ಜೊತೆಗಿವೆ. ಅಂದರೆ ಬೆಳಕಿನ ಕಣಗಳಿಗೆ ಜೊತೆಗಿರುವ ಸಂಭವ ಹೆಚ್ಚು. ಎರಡೂ ಬಿಳಿ ಕಂಡಿಕೆ ತಂದರೆ ಹೀಗಾಗದೇ ಎಂದು ಕೇಳುತ್ತೀರಾ? ಆಗದು. ನೋಡಲು ಒಂದೇ ಆದರೂ ಅವು ಬೇರೆ ಬೇರೆ ವಸ್ತುಗಳೇ. ಕಣ್ಣು ಮುಚ್ಚಿ 100 ಸಲ ಹಾಕಿ ನೋಡಿ, ಸುಮಾರು 50 ಸಲ ಮಾತ್ರ ಜೊತೆಯಾಗುತ್ತವೆ.

ಈ ಎಣಿಕೆಯಿಂದ ಪ್ಲಾಂಕರ ಸೂತ್ರ ನೇರವಾಗಿ ಬಂತು. ಇಂಗ್ಲೆಂಡಿನ ಪತ್ರಿಕೆಯೊಂದು ಲೇಖನವನ್ನು ಪ್ರಕಟಿಸಲಿಲ್ಲ. ಬೋಸರು ಸುಮ್ಮನಾಗದೆ, 1924ರ ಜೂನ್‌ನಲ್ಲಿ ಅದನ್ನು ಐನ್‌ಸ್ಟೈನರಿಗೇ ಕಳಿಸಿದರು. ಐನ್‌ಸ್ಟೈನರು ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಮಾಡಿಸಿದರು! ಈ ರೀತಿ ಎಣಿಸಬೇಕಾದ ಕಣಗಳಿಗೆ ಮುಂದೆ ಬೋಸಾನ್ ಎಂಬ ಹೆಸರು ಬಂತು. ನೊಬೆಲ್ ಬಹುಮಾನ ಮಾತ್ರ ಬೋಸರಿಗೆ ಬರಲಿಲ್ಲ. ಅವರ ಎಣಿಕೆಯನ್ನು ಐನ್‌ಸ್ಟೈನರು ಪರಮಾಣುಗಳಿಗೂ ಅನ್ವಯಿಸಿ ಊಹಿಸಿದ ಒಂದು ಸ್ಥಿತಿಯನ್ನು 1995ರಲ್ಲಿ ತಯಾರಿಸಿದ ವಿಜ್ಞಾನಿಗಳಿಗೆ 2001ರಲ್ಲಿ ಬಂತು.

ಇಂದು ಕೆಲವು ಕ್ವಾಂಟಮ್ ಕಂಪ್ಯೂಟರುಗಳು ಬೆಳಕಿನ ಕಣಗಳಿಂದಲೇ ಲೆಕ್ಕ ಮಾಡುತ್ತವೆ. ಅಲ್ಲೆಲ್ಲ ನಡೆಯುವುದು ಬೋಸರ ಎಣಿಕೆಯೇ.

ಬೋಸರಿಗೆ ಇನ್ನೊಂದು ಹಟವಿತ್ತು. ಮಕ್ಕಳು ವಿಜ್ಞಾನವನ್ನು ತಾಯ್ನುಡಿಯಲ್ಲೇ ಕಲಿಯಬೇಕು. ಬಂಗಾಳಿಯಲ್ಲಿ ಉನ್ನತ ವಿಜ್ಞಾನ ಹೇಳಲಾಗದು ಎಂಬ ಮಾತನ್ನು ಅವರು ಒಪ್ಪಲಿಲ್ಲ. 1948ರಲ್ಲಿ ಕೊಲ್ಕತ್ತದಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಕಟ್ಟಿ, ಬಂಗಾಳಿಯಲ್ಲೇ ಒಂದು ವಿಜ್ಞಾನ ಪತ್ರಿಕೆ ಹೊರಡಿಸಿದರು. ಕವಿ ರವೀಂದ್ರನಾಥ ಟಾಗೋರರು ತಾವು ಬರೆದ ವಿಜ್ಞಾನ ಪುಸ್ತಕವನ್ನು 1937ರಲ್ಲೇ ಈ ಮಾಸ್ತರಿಗೆ ಅರ್ಪಿಸಿದ್ದರು.

ಬಿಡುವಾದಾಗ ಬೋಸರು ಎಸ್ರಾಜ್ ಎಂಬ ತಂತಿವಾದ್ಯ ನುಡಿಸುತ್ತಿದ್ದರು. 1974ರ ಫೆಬ್ರವರಿ 4ರಂದು, ತಮ್ಮ 80ನೆಯ ವಯಸ್ಸಿನಲ್ಲಿ, ಕೊಲ್ಕತ್ತದಲ್ಲೇ ತೀರಿಕೊಂಡರು.