ಬಳೆಗಾರರ ಮನೆಯ ಕವಿ ರನ್ನ

ಮುಧೋಳದ ಬಳೆಗಾರರ ಮನೆತನದಲ್ಲಿ ಕ್ರಿ.ಶ. 949ರಲ್ಲಿ ರನ್ನನು ಜನಿಸಿದನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಜೈನ ಕುಟುಂಬ. ಬಳೆಯ ಮಲಾರ ಹೊರಬೇಕಾದ ಹುಡುಗನಿಗೆ ವಿದ್ಯೆಯ ಹಂಬಲ ಹತ್ತಿತು. ದೂರದ ಶ್ರವಣಬೆಳಗೊಳಕ್ಕೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದನು. ಗಂಗರ ಮಂತ್ರಿ ಚಾವುಂಡರಾಯನು ಆಶ್ರಯವಿತ್ತನು.

ಅವನ ಪ್ರಾಯಕಾಲದಲ್ಲಿಯೇ ನಾಡು ತಲೆಕೆಳಗಾಯಿತು. ಇನ್ನೂರಕ್ಕೂ ಹೆಚ್ಚು ವರ್ಷ ಆಳಿದ ರಾಷ್ಟ್ರಕೂಟರನ್ನು ಚಾಲುಕ್ಯ ತೈಲಪನು 973ರಲ್ಲಿ ಸೋಲಿಸಿದನು. ಆ ವಂಶದ ಕೊನೆಯ ಕುಡಿ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟನು. ರನ್ನನು ಗೆದ್ದವರ ಆಸ್ಥಾನ ಸೇರಿ ತೈಲಪನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದನು.

993ರಲ್ಲಿ ಅವನು ಅಜಿತಪುರಾಣವನ್ನು ಬರೆದದ್ದು ದಾನಚಿಂತಾಮಣಿ ಅತ್ತಿಮಬ್ಬೆಗಾಗಿ. ಆ ತಾಯಿಯ ಪತಿ ನಾಗದೇವನು ತೀರಿಕೊಂಡಾಗ ಸವತಿಯೂ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕುತ್ತ ಉಳಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಚ್ಚುಕೂಟದ ಬಿಲ್ಲು ನೋಡುವ ನನ್ನಂಥವನಿಗೆ, ತಾಳೆಗರಿಯಲ್ಲಿ ಸಾವಿರ ಪ್ರತಿ ಎಂದರೆ ಎದೆ ಝಲ್ಲೆನ್ನುತ್ತದೆ! ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆ ಎಂದೂ ಮಗನಿಗೆ ರಾಯನೆಂದೂ ಹೆಸರಿಟ್ಟು ಆಶ್ರಯದಾತರ ಋಣ ನೆನೆದನು.

ಅವನ ಹೆಸರನ್ನು ಉಳಿಸಿದ್ದು ಗದಾಯುದ್ಧ. ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು ಹೊರಟ ಕಾವ್ಯವದು. ಆದರೆ ಕವಿಯ ಕರುಳು ಮಿಡಿದದ್ದು ಸೋತ ದುರ್ಯೋಧನನ ಕಡೆಗೆ. ಹನ್ನೊಂದು ಅಕ್ಷೌಹಿಣಿಯ ಒಡೆಯನಾಗಿದ್ದವನು ಸಂಜಯನೊಬ್ಬನೊಂದಿಗೆ ಹೆಣಗಳನ್ನು ದಾಟುತ್ತ ನಡೆಯುತ್ತಾನೆ. ಎಳೆಯ ಪ್ರಾಯದ ಅಭಿಮನ್ಯುವಿನ ಹೆಣ ಸಿಗುತ್ತದೆ. ವೈರಿಯ ಮಗನೆಂದು ತಿರಸ್ಕರಿಸದೆ ಕೈಮುಗಿದು, ಅವನ ಸಾಹಸದ ಒಂದಂಶದೊಂದಿಗಾದರೂ ತನಗೆ ಮರಣ ಬರಲೆಂದು ಬೇಡುತ್ತಾನೆ. ಮುಂದೆ ಬಿದ್ದವನು ಸ್ವಂತ ಮಗ ಲಕ್ಷಣಕುಮಾರ. ಮಗ ತಂದೆಗೆ ಬಿಡಬೇಕಾದ ತರ್ಪಣದ ನೀರನ್ನು ತಂದೆಯೇ ಮಗನಿಗೆ ಬಿಡಬೇಕಾಯಿತಲ್ಲ, ಕ್ರಮ ತಪ್ಪಿತಲ್ಲ ಎಂದು ಗೋಳಿಡುತ್ತಾನೆ. ಬೆಳೆದ ಮಗನನ್ನು ಮಣ್ಣಿಗಿಟ್ಟು ಬಂದವರಿಗೆ ಈ ಭಾಗದ ಅರ್ಥ ಹೇಳಬೇಕಾಗಿಲ್ಲ.

ಮುಂದೆ ದುಶ್ಶಾಸನ, ಕರ್ಣ. ಕೊನೆಗೆ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿ ಕೂರುವ ಗತಿ. ಭೀಮನ ಗೆಲುವು ಆಮೇಲೆ ಬರುತ್ತದೆ. ಓದಿದವರಿಗೆ ನೆನಪುಳಿಯುವುದು ಮಾತ್ರ ಆ ರಣರಂಗದ ನಡಿಗೆಯೇ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಎಂಬ ಅಕ್ಷರಗಳಿವೆ. ಅದು ರನ್ನನ ಹೆಸರೆಂದು ವಿದ್ವಾಂಸರು ಹೇಳುತ್ತಾರೆ.