ಬೇಕಲ ಕೋಟೆಯಲ್ಲಿ ಹಸಿರು ಉಂಗುರ ಕಂಡ ನಾರ್ಮನ್ ಲಾಕ್ಯರ್

ಗ್ರಹಣ ಬಂತೆಂದರೆ ನಂಜನಗೂಡಿನ ಕಪಿಲೆಯಲ್ಲೂ ಟಿ. ನರಸೀಪುರದ ಸಂಗಮದಲ್ಲೂ ಜನ ಸ್ನಾನಕ್ಕೆ ಸೇರುತ್ತಾರೆ. ಆ ಕಪಿಲೆ ಹುಟ್ಟಿಬರುವ ವಯನಾಡಿನಲ್ಲೂ, ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಬೇಕಲ ಕೋಟೆಯಲ್ಲೂ 1871ರ ಡಿಸೆಂಬರ್ 12ರ ಬೆಳಿಗ್ಗೆ ಪೂರ್ಣ ಸೂರ್ಯಗ್ರಹಣಕ್ಕಾಗಿ ಇಂಗ್ಲೆಂಡಿನ ವಿಜ್ಞಾನಿಗಳು ಕಾದಿದ್ದರು. ಅವರ ಮುಖಂಡ ನಾರ್ಮನ್ ಲಾಕ್ಯರ್ ಬೇಕಲದಲ್ಲಿದ್ದರು.

1836ರಲ್ಲಿ ರಗ್ಬಿ ಪಟ್ಟಣದಲ್ಲಿ ಹುಟ್ಟಿದ ಲಾಕ್ಯರ್ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಯುದ್ಧ ಇಲಾಖೆಯ ಗುಮಾಸ್ತ. ಬಿಡುವಿನಲ್ಲಿ ದೂರದರ್ಶಕ ಹಿಡಿದವರು 1868ರಲ್ಲಿ, ಗ್ರಹಣವಿಲ್ಲದ ದಿನವೇ, ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಣ್ಣಬಣ್ಣದ ಗೆರೆಗಳಾಗಿ ಬಿಡಿಸಿ ನೋಡಿದರು. ಅಲ್ಲಿದ್ದ ಒಂದು ಹಳದಿ ಗೆರೆ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಅದೇ ಹೀಲಿಯಂ, ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ. 1869ರಲ್ಲಿ 'ನೇಚರ್' ಪತ್ರಿಕೆ ಆರಂಭಿಸಿ ಐವತ್ತು ವರ್ಷ ಸಂಪಾದಕರಾಗಿದ್ದರು. ಪತ್ರಿಕೆ ನಡೆಸುವ ಕಷ್ಟ ಬಲ್ಲ ನಮಗೆ ಇದೇ ದೊಡ್ಡ ಸಾಧನೆಯೆನಿಸುತ್ತದೆ!

ಬೇಕಲದಲ್ಲಿ ಸಿಕ್ಕಿದ್ದು ಸುಮಾರು ಎರಡು ನಿಮಿಷ. ಪಟ್ಟಕಗಳ ಮೂಲಕ ನೋಡಿದಾಗ ಸೂರ್ಯನ ಸುತ್ತಲಿನ ಪ್ರಭೆ ಬಣ್ಣದ ಉಂಗುರಗಳಾಗಿ ಕಂಡಿತು. ಅದರಲ್ಲೊಂದು ಹಸಿರು. 1869ರಲ್ಲಿ ಅಮೆರಿಕದಲ್ಲಿ ಮೊದಲು ಕಂಡಿದ್ದ ಆ ಹಸಿರು ಗೆರೆ ಹೊಸ ಧಾತುವಿನದೆಂದು ಹಲವರು ನಂಬಿ 'ಕೊರೋನಿಯಂ' ಎಂಬ ಹೆಸರನ್ನೂ ಇಟ್ಟರು.

ಲಾಕ್ಯರರ ಜೀವನದ ದೊಡ್ಡ ಜಗಳ ಇದರ ಪಕ್ಕದಲ್ಲೇ ಇದೆ. ಶಾಖ ಹೆಚ್ಚಿದಂತೆ ಒಂದೇ ಧಾತುವಿನ ಗೆರೆಗಳು ಬದಲಾಗುವುದನ್ನು ಪ್ರಯೋಗಾಲಯದಲ್ಲಿ ಕಂಡು, ಅತಿ ಶಾಖದಲ್ಲಿ ಧಾತುಗಳೇ ಒಡೆಯುತ್ತವೆ ಎಂದು ವಾದಿಸಿದರು. ರಸಾಯನಶಾಸ್ತ್ರಜ್ಞರು ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ವಾದ ಅರ್ಧ ತಪ್ಪು, ಅರ್ಧ ಸರಿ: ಒಡೆದು ಬೇರೆ ಧಾತುವಾಗುವುದಿಲ್ಲ, ಪರಮಾಣು ತನ್ನ ಇಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತದೆ. ಇದನ್ನು ಲೆಕ್ಕದಿಂದ ತೋರಿಸಿದ ಮೇಘನಾದ ಸಹಾ ಅವರ ಲೇಖನ ಪ್ರಕಟವಾದದ್ದು 1920ರ ಅಕ್ಟೋಬರಿನಲ್ಲಿ. ಲಾಕ್ಯರ್ ಆಗಸ್ಟ್ 16ರಂದೇ ತೀರಿಕೊಂಡಿದ್ದರು.

ಕೊರೋನಿಯಂ ಎಂಬುದು ಇರಲೇ ಇಲ್ಲ. ಅದು ನಮ್ಮ ಅಡುಗೆಮನೆಯ ಕಬ್ಬಿಣವೇ, 26 ಇಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡದ್ದು ಎಂದು 1940ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಎಡ್ಲೆನ್ ತೋರಿಸಿದರು. ಹಾಗಾಗಬೇಕಾದರೆ ಶಾಖ ಹತ್ತು ಲಕ್ಷ ಡಿಗ್ರಿ ಮೀರಿರಬೇಕು. ಸೂರ್ಯನ ಮೇಲ್ಮೈಯಲ್ಲಾದರೋ ಆರು ಸಾವಿರಕ್ಕಿಂತ ಕಡಿಮೆ. 2023ರಲ್ಲಿ ಹಾರಿದ ಆದಿತ್ಯ-ಎಲ್1ರಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಿರ್ಮಿಸಿದ ಉಪಕರಣ ನೋಡಲೆಂದು ಹೋದ ಗೆರೆಗಳಲ್ಲಿ ಅದೇ ಹಸಿರು ಗೆರೆಯೂ ಒಂದು.