ಕೃಷ್ಣದೇವರಾಯನೂ ಕೆರೆಯ ಏರಿಯೂ

ಸಂಡೂರು ಬೆಟ್ಟಗಳ ಬಾಯಲ್ಲಿ, ಹೊಸಪೇಟೆಯ ಬಳಿ, ಎರಡು ಗುಡ್ಡಗಳನ್ನು ಕೂಡಿಸುವ ಮಣ್ಣಿನ ಏರಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. 1509ರಲ್ಲಿ ವಿಜಯನಗರದ ಪಟ್ಟವೇರಿದ ಕೃಷ್ಣದೇವರಾಯನು ಅದನ್ನು ಕಟ್ಟಿಸಿದನು. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪಾಯೆಸನೆಂಬ ಪೋರ್ತುಗೀಸನು, 15,000ದಿಂದ 20,000 ಜನರು ಇರುವೆಗಳಂತೆ ದುಡಿಯುವದನ್ನು ಕಂಡನು. ಆದರೂ ಏರಿಯು ಎರಡು ಮೂರು ಸಾರಿ ಒಡೆಯಿತು. ಆಗ ಪುರೋಹಿತರ ಮಾತಿನಂತೆ ರಾಯನು 60 ಮಂದಿಯ ತಲೆಗಳನ್ನು ಗುಡಿಯ ಬಾಗಲಲ್ಲಿ ಕಡಿಸಿದನೆಂದು ಆತನು ತಿಳಿಸುತ್ತಾನೆ. ಅವರು ಮರಣಕ್ಕೆ ಪಾತ್ರರಾದ ಸೆರೆಯವರೆಂದು ನೂನಿಜನ ಬರಹ. ಸೆರೆಯವರಾದರೇನು? ಅವರಿಗೂ ತಾಯಂದಿರಿದ್ದರಲ್ಲವೇ!

ನಾವು ಈ ಅರಸನನ್ನು ಹಗುರವಾಗಿ ಎಣಿಸುವದಿಲ್ಲ. ಏರಿಯ ಕೆಳಗಣ ನೆಲವನ್ನು ಆತನು ಒಕ್ಕಲಿಗರಿಗೆ 9 ವರುಷ ಕಂದಾಯವಿಲ್ಲದೆ ಬಿಟ್ಟನು. ಗದ್ದೆ ತೋಟಗಳು ಬೆಳೆದವು. 1529ರಲ್ಲಿ ರಾಯನು ತೀರಿಹೋದನು. ಆ 60 ಮಂದಿಯಲ್ಲಿ ಒಬ್ಬನ ಹೆಸರನ್ನಾದರೂ ಈ ಇಬ್ಬರು ಬರೆದಿಡಲಿಲ್ಲ.